ಚದುರಂಗದ ಮಣೆಯ ಮುಂದೆ ಹೆಣ್ಣುಮಕ್ಕಳಿಗೆ ಬೇರೆ ಅಳತೆ ಬೇಕೆ?

ಮಾನ್ಯ ಪಾಲಕರಿಗೂ ಈ ಶಾಲೆಯ ಪೂರ್ವ ವಿದ್ಯಾರ್ಥಿನಿಯರಿಗೂ ಒಂದು ವಿಷಯವನ್ನು ಅರಿಕೆ ಮಾಡಿಕೊಳ್ಳಬೇಕೆಂದು ಬಹುದಿನಗಳಿಂದ ನಮ್ಮ ಮನಸ್ಸಿನಲ್ಲಿದ್ದಿತು. ವಿಷಯವು ಚದುರಂಗದ್ದು. ಸ್ಮರಣ ಸಂಚಿಕೆಯಲ್ಲಿ ಆಟದ ಮಾತನ್ನು ಇಷ್ಟು ಉದ್ದವಾಗಿ ಆಡುವುದು ತರವೇ ಎಂದು ಕೆಲವರು ಕೇಳಬಹುದು. ಓದಿ ಮುಗಿಸಿದ ಮೇಲೆ ಕೇಳುವುದಾದರೆ ಉತ್ತರ ಕೊಡಲು ಸಿದ್ಧರಿದ್ದೇವೆ.

ಮಳೆಗಾಲದಲ್ಲಿ ಅಂಗಳವೆಲ್ಲ ಕೆಸರಾಗಿ ಡ್ರಿಲ್ಲು ನಡೆಯದ ದಿನಗಳಲ್ಲಿ ಮಕ್ಕಳು ಸುಮ್ಮನೆ ಕುಳಿತಿರಬಾರದೆಂದು ನಮ್ಮಲ್ಲಿ ಚದುರಂಗದ ಮಣೆಗಳನ್ನು ತರಿಸಿದೆವು. ಹೊತ್ತು ಕಳೆಯಲೆಂದು ತಂದ ಮಣೆಗಳು ಕೆಲವು ಹುಡುಗಿಯರಿಗೆ ಊಟದ ಗಂಟೆಯನ್ನೂ ಮರೆಸುವಂತಾದುವು. ಅವರಲ್ಲಿ ನಾಲ್ವರನ್ನು ನೆರೆಯೂರಿನ ಒಂದು ಅಂತರ್‌ಶಾಲಾ ಪಂದ್ಯಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಬಾಲಕ ಬಾಲಕಿಯರು ಒಂದೇ ಕೋಣೆಯಲ್ಲಿ, ಒಬ್ಬರಿಗೊಬ್ಬರು ಎದುರಾಗಿ ಆಡಿದರು. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಐದು ಆಟಗಳಲ್ಲಿ ನಾಲ್ಕನ್ನು ಗೆದ್ದು, ಒಟ್ಟು ಪಟ್ಟಿಯಲ್ಲಿ ಎರಡನೆಯವಳಾಗಿ ನಿಂತಳು. ಬಹುಮಾನ ಹಂಚುವ ಹೊತ್ತಿಗೆ ಎರಡನೆಯ ಬಹುಮಾನವು ಆಕೆಗಿಂತ ಅರ್ಧ ಅಂಕ ಕಡಿಮೆಯಿದ್ದ ಬಾಲಕನ ಪಾಲಾಯಿತು. ಆಕೆಗೆ ‘ಬಾಲಕಿಯರಲ್ಲಿ ಉತ್ತಮಳು’ ಎಂದು ಒಂದು ಸ್ಟೀಲಿನ ಡಬ್ಬಿಯನ್ನು ಕೊಟ್ಟರು. ವಿಚಾರಿಸಿದ್ದಕ್ಕೆ ವ್ಯವಸ್ಥಾಪಕರು, “ಹುಡುಗಿಯರ ಮಟ್ಟಿಗೆ ಬಹಳ ಚೆನ್ನಾಗಿ ಆಡಿದಳಲ್ಲ, ಟೀಚರ್! ಅದಕ್ಕೇ ಬೇರೆ ಬಹುಮಾನ ಇಟ್ಟಿದ್ದೇವೆ” ಎಂದು ನಗುತ್ತ ಹೇಳಿದರು. ಅವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ. ನಮ್ಮ ಹುಡುಗಿಯೂ ಡಬ್ಬಿಯನ್ನು ಎದೆಗೆ ಹಿಡಿದುಕೊಂಡು ಅವರೊಡನೆ ನಕ್ಕಳು. ನಮ್ಮನ್ನು ನೋಯಿಸಿದ್ದು ಈ ಎರಡನೆಯ ನಗು.

‘ಹುಡುಗಿಯರ ಮಟ್ಟಿಗೆ’ ಎಂಬ ಈ ಎರಡು ಮಾತುಗಳನ್ನು ಕುರಿತೇ ಈ ಲೇಖನ. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂಬ ಹಳೆಯ ಗಾದೆಯನ್ನು ಈಗ ಬಹಿರಂಗವಾಗಿ ಯಾರೂ ಆಡುವುದಿಲ್ಲ. ಅದೇ ಗಾದೆಯು ಶ್ಲಾಘನೆಯ ಉಡುಪನ್ನು ತೊಟ್ಟು ಬಂದಾಗ ಮಾತ್ರ ನಾವೆಲ್ಲ ಅದಕ್ಕೆ ಮಣೆ ಹಾಕಿ ಕುಳ್ಳಿರಿಸುತ್ತೇವೆ. ಇದಕ್ಕೆ ಪ್ರತಿಯಾಗಿ ವಾದವನ್ನು ಹೂಡುವುದಕ್ಕಿಂತ, ನಿಜವಾಗಿ ಆಡಲ್ಪಟ್ಟ ಒಂದು ಆಟವನ್ನು ವಾಚಕರ ಮುಂದಿಡುವುದು ಮೇಲೆಂದು ತೋರಿತು.

ಆಟವು ನಡೆದದ್ದು ರಷ್ಯಾ ದೇಶದ ಮಾಸ್ಕೋ ನಗರದಲ್ಲಿ, ೨೦೦೨ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ. ಒಂದು ಕಡೆ ರಷ್ಯಾ ದೇಶದವರು, ಇನ್ನೊಂದು ಕಡೆ ಜಗತ್ತಿನ ಉಳಿದ ದೇಶಗಳಿಂದ ಆರಿಸಿದವರು. ನಮ್ಮ ದೇಶದ ವಿಶ್ವನಾಥನ್ ಆನಂದರೂ ಈ ಎರಡನೆಯ ಪಂಗಡದಲ್ಲಿದ್ದರು. ಅದೇ ಪಂಗಡದಲ್ಲಿ ಹಂಗೆರಿ ದೇಶದ ಯುಡಿಟ್ ಪೋಲ್ಗಾರ್ ಎಂಬ ಇಪ್ಪತ್ತಾರು ವಯಸ್ಸಿನ ಹೆಣ್ಣುಮಗಳಿದ್ದಳು. ಆಕೆಗೆ ಎದುರಾಗಿ ಕುಳಿತವನು ಗ್ಯಾರಿ ಕಾಸ್ಪರೋವ್. ೧೯೮೫ರಿಂದ ೨೦೦೦ದ ವರೆಗೆ ಜಗಜ್ಜೇತನಾಗಿದ್ದವನು, ಆ ಹೊತ್ತಿಗೂ ಆಟಗಾರರ ಪಟ್ಟಿಯಲ್ಲಿ ಮೊದಲನೆಯವನು. ಈತನೇ ೧೯೮೯ರಲ್ಲಿ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ, ನಿಜವಾದ ಚದುರಂಗವೇ ಬೇರೆ, ಹೆಂಗಸರ ಚದುರಂಗವೇ ಬೇರೆ ಎಂಬರ್ಥದ ಮಾತನ್ನು ಆಡಿದ್ದನು. ನಮ್ಮ ನೆರೆಯೂರಿನ ವ್ಯವಸ್ಥಾಪಕರು ಒಂಟಿಯಲ್ಲವೆಂದು ಇದರಿಂದ ತಿಳಿಯಬಹುದು.

ಈಗ ಆಟದ ಆರಂಭದ ನಡೆಗಳನ್ನು ಸ್ವಲ್ಪ ವಿವರಿಸಬೇಕು. ಚದುರಂಗ ಬಾರದವರು ಬೇಸರಪಡದೆ ಇದನ್ನು ಓದಬೇಕೆಂದು ಬೇಡುತ್ತೇವೆ. ಯಾಕಂದರೆ ನಮ್ಮ ಮಾತಿನ ಬಲವೆಲ್ಲ ಈ ಆರಂಭದಲ್ಲಿಯೇ ಇದೆ.

ಯುಡಿಟಳಿಗೆ ಬಿಳಿಯ ಕಾಯಿಗಳು. ರಾಜನ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿದಳು. ಕರಿಯವನೂ ಹಾಗೆಯೇ ಮಾಡಿದನು. ಬಳಿಕ ಇಬ್ಬರೂ ಒಂದೊಂದು ಕುದುರೆಯನ್ನು ಹೊರಡಿಸಿದರು. ಮೂರನೆಯ ನಡೆಗೆ ಆಕೆಯು ಓರೆಯಾಗಿ ನಡೆಯುವ ಒಂಟೆಯನ್ನು ಕರಿಯ ಕುದುರೆಯ ಮೇಲೆ ಗುರಿಯಿಟ್ಟು ನಿಲ್ಲಿಸಿದಳು. ಇದಕ್ಕೆ ರೂಯ್ ಲೋಪೆಸ್ ಎಂಬ ಸ್ಪೇನ್ ದೇಶದ ಪಾದ್ರಿಯ ಹೆಸರುಂಟು. ಆತನು ೧೫೬೧ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಈ ಆರಂಭವನ್ನು ಪರಿಶೀಲಿಸಿದ್ದನು. ನಾಲ್ಕು ಶತಮಾನಗಳಿಗೂ ಮೇಲ್ಪಟ್ಟು ಈ ಮೂರು ನಡೆಗಳು ಬಿಳಿಯವರ ನಚ್ಚಿನ ಆಯುಧವಾಗಿವೆ. ಕರಿಯವನು ಇದಕ್ಕೆ ಕೊಡಬಹುದಾದ ಉತ್ತರಗಳು ಹಲವು. ಕಾಸ್ಪರೋವನು ಅಂದು ಆರಿಸಿಕೊಂಡದ್ದು ‘ಬರ್ಲಿನ್ ರಕ್ಷಣೆ’ ಎಂಬುದನ್ನು. ಅಂದರೆ ತನ್ನ ಇನ್ನೊಂದು ಕುದುರೆಯನ್ನು ಹೊರಡಿಸಿ ಬಿಳಿಯ ಪದಾತಿಯ ಮೇಲೆ ಕಣ್ಣಿಟ್ಟನು.

ಈ ದಾರಿಯಲ್ಲಿ ಹೋದರೆ ಎಂಟನೆಯ ನಡೆಯೊಳಗಾಗಿ ಇಬ್ಬರ ಮಂತ್ರಿಗಳೂ ಮಣೆಯಿಂದ ಹೊರಬೀಳುತ್ತವೆ. ನಮ್ಮ ಅಜ್ಜಂದಿರು ಮಂತ್ರಿಯೆಂದು ಕರೆಯುತ್ತಿದ್ದ ಈ ಕಾಯಿಗೆ ಯೂರೋಪಿನವರು ರಾಣಿಯೆಂದು ಹೆಸರಿಟ್ಟಿದ್ದಾರೆ. ಹದಿನೈದನೆಯ ಶತಮಾನದ ಕೊನೆಗೆ ಅದಕ್ಕೆ ಎಲ್ಲ ದಿಕ್ಕುಗಳಲ್ಲಿಯೂ ಬೇಕಾದಷ್ಟು ದೂರ ಸಾಗುವ ಬಲವನ್ನೂ ಕೊಟ್ಟರು. ಮಣೆಯ ಮೇಲಿನ ಅತಿ ಬಲಿಷ್ಠವಾದ ಕಾಯಿಗೆ ಸ್ತ್ರೀಯ ಹೆಸರನ್ನಿಟ್ಟವರು ಮಣೆಯ ಮುಂದೆ ಕುಳಿತ ಸ್ತ್ರೀಯನ್ನು ಕಂಡು ಮುಗುಳ್ನಕ್ಕದ್ದು ವಿನೋದವೇ ಸರಿ. ಅದಿರಲಿ. ಹೀಗೆ ಮಂತ್ರಿಗಳು ಹೋದಾಗ ಕರಿಯ ರಾಜನು ತಾನೇ ಎದ್ದು ಬಂದು ಬಿಳಿಯ ಮಂತ್ರಿಯನ್ನು ಹೊಡೆಯಬೇಕಾಗುವುದರಿಂದ, ಕೋಟೆ ಕಟ್ಟಿಕೊಳ್ಳುವ ಅವನ ಹಕ್ಕು ತಪ್ಪಿಹೋಗುತ್ತದೆ. ಅವನ ಪದಾತಿಗಳೆರಡು ಒಂದರ ಹಿಂದೊಂದಾಗಿ ಒಂದೇ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಹೊಸಬರು ನೋಡಿದರೆ ಕರಿಯವನು ಆಗಲೇ ಸೋತನೆನ್ನಬೇಕು. ಆದರೆ ಅವನ ಎರಡು ಒಂಟೆಗಳೂ ಉಳಿದಿರುತ್ತವೆ, ಒಡೆಯಲು ತಕ್ಕ ಬಿರುಕು ಎಲ್ಲಿಯೂ ಕಾಣುವುದಿಲ್ಲ. ಮುತ್ತಿಗೆ ಹಾಕಿದವನು ಸುತ್ತಿ ಸುತ್ತಿ ದಣಿಯುತ್ತಾನೆ. ಆದಕಾರಣವೇ ಇದಕ್ಕೆ ‘ಬರ್ಲಿನ್ ಗೋಡೆ’ ಎಂಬ ಅಡ್ಡಹೆಸರು ಬಂದಿತು.

ಈ ಗೋಡೆಯ ಗಟ್ಟಿತನವನ್ನು ಕಾಸ್ಪರೋವನಷ್ಟು ಚೆನ್ನಾಗಿ ಅನುಭವಿಸಿದವರು ಬೇರೊಬ್ಬರಿಲ್ಲ. ೨೦೦೦ದಲ್ಲಿ ಲಂಡನ್ನಿನಲ್ಲಿ ಆತನು ತನ್ನ ಪದವಿಗಾಗಿ ವ್ಲಾದಿಮಿರ್ ಕ್ರಾಮ್ನಿಕನೊಡನೆ ಸೆಣಸಿದಾಗ, ಕ್ರಾಮ್ನಿಕನು ನಾಲ್ಕು ಆಟಗಳಲ್ಲಿ ಇದೇ ರಕ್ಷಣೆಯನ್ನು ಹಿಡಿದನು. ನಾಲ್ಕೂ ಸಮವಾದುವು. ಹದಿನೈದು ಆಟಗಳ ಆ ಸ್ಪರ್ಧೆಯಲ್ಲಿ ಒಂದನ್ನೂ ಗೆಲ್ಲಲಾರದೆ ಕಾಸ್ಪರೋವನು ಪದವಿಯನ್ನು ಬಿಟ್ಟುಕೊಟ್ಟನು. ಎರಡು ವರ್ಷ ಕಳೆಯುವಷ್ಟರಲ್ಲಿ ಮಾಸ್ಕೋವಿನಲ್ಲಿ, ತನ್ನನ್ನು ತಡೆದ ಆ ಗೋಡೆಯ ಹಿಂದೆ ತಾನೇ ಹೋಗಿ ನಿಂತುಕೊಂಡನು.

ಯುಡಿಟಳು ಪಕ್ಕದ ದಾರಿಯನ್ನು ಹಿಡಿಯಬಹುದಾಗಿತ್ತು. ಧಾಳಿಯಿಡುವುದರಲ್ಲಿ ಹೆಸರಾದವಳು, ಮಂತ್ರಿಯಿಲ್ಲದ ಮಣೆಯು ಅಂಥವರಿಗೆ ಸಾಮಾನ್ಯವಾಗಿ ರುಚಿಸುವುದಿಲ್ಲ. ಆಕೆಯು ಹಿಂಜರಿಯಲಿಲ್ಲ, ಮುಖ್ಯ ದಾರಿಯಲ್ಲಿಯೇ ಹೋಗಿ ಮಂತ್ರಿಗಳನ್ನು ಹೊರಗೆ ಹಾಕಿದಳು. ಹತ್ತನೆಯ ನಡೆಗೆ ನೆಟ್ಟಗೆ ನಡೆಯುವ ಆನೆಯಿಂದ ಶಹ ಕೊಟ್ಟಳು. ಕರಿಯ ರಾಜನು ತಾನು ಮೊದಲು ನಿಂತಿದ್ದ ಮನೆಗೇ ಮರಳಿದನು. ಆದರೆ ಒಮ್ಮೆ ಎದ್ದ ರಾಜನಿಗೆ ಮತ್ತೆ ಕೋಟೆಯಿಲ್ಲ. ಆತನು ನಡುವೆ ನಿಂತಿರುವ ತನಕ ಮೂಲೆಗಳಲ್ಲಿರುವ ಅವನ ಆನೆಗಳೆರಡು ಒಂದನ್ನೊಂದು ಕಾಣವು. ಯುಡಿಟಳು ಈ ಒಂದು ತೊಂದರೆಯನ್ನು ಹಿಡಿದುಕೊಂಡು ಕೊನೆಯ ವರೆಗೂ ಬಿಡಲಿಲ್ಲ. ಹದಿನಾರನೆಯ ನಡೆಗೆ ಬಲಗಡೆಯ ಪದಾತಿಯನ್ನು ಎರಡು ಮನೆ ಮುಂದೂಡಿ, ಅದರ ಹಿಂದೆ ತನ್ನ ರಾಜನನ್ನೇ ನಡೆಸಿಕೊಂಡು ಬಂದಳು. ನಮ್ಮ ಹುಡುಗಿಯರಿಗೆ ಈ ಆಟವನ್ನು ತೋರಿಸಿದಾಗ ಅವರೆಲ್ಲ “ಅಯ್ಯೋ ಟೀಚರ್, ರಾಜನನ್ನು ಹೊರಗೆ ತಂದಳಲ್ಲ!” ಎಂದು ಬೆಚ್ಚಿದ್ದು ಇಲ್ಲಿಯೇ. ಮಂತ್ರಿಗಳಿಲ್ಲದ ಮಣೆಯಲ್ಲಿ ರಾಜನು ಅಡಗಿ ಕೂರಬೇಕಾಗಿಲ್ಲವೆಂಬುದನ್ನು ಅವರು ಆಗ ಕಲಿತರು.

ಇಪ್ಪತ್ತಾರನೆಯ ನಡೆಯು ನಮಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು. ಕರಿಯವನು ಆಗತಾನೆ ಒಂದು ಬಿಳಿಯ ಪದಾತಿಯನ್ನು ಹೊಡೆದಿದ್ದನು; ಹೊಡೆದ ಪದಾತಿಯು ಒಂಟೆಯ ಬಾಯಿಗೆ ಸಿಕ್ಕುವಂತೆ ನಿಂತಿತ್ತು. ಆತುರಗಾರರು ಒಡನೆಯೇ ಅದನ್ನು ಹೊಡೆಯುತ್ತಿದ್ದರು. ಈಕೆಯು ಅದನ್ನು ಅಲ್ಲಿಯೇ ಬಿಟ್ಟು, ಇನ್ನೊಂದು ಆನೆಯನ್ನು ಕರಿಯ ರಾಜನು ನಿಂತ ಸಾಲಿಗೆ ನೇರವಾಗಿ ತಂದು ನಿಲ್ಲಿಸಿದಳು. ಪದಾತಿಯು ಎಲ್ಲಿಗೆ ಹೋದೀತು? ಮರುನಡೆಗೆ ಕೈಸೇರಿತು. ಆಮೇಲೆ ಒಂಟೆಗಳು ಹೋದುವು, ಇನ್ನೊಂದು ಪದಾತಿಯು ಶಹದೊಡನೆ ಬಿದ್ದಿತು, ಬಿಳಿಯ ಆನೆಗಳೆರಡೂ ಏಳನೆಯ ಸಾಲನ್ನು ಹೊಕ್ಕುವು. ನಲವತ್ತೆರಡು ನಡೆಗಳಾಗುವಲ್ಲಿಗೆ ಕಾಸ್ಪರೋವನು ಸೋಲೊಪ್ಪಿಕೊಂಡನು. ಪಟ್ಟಿಯಲ್ಲಿ ಮೊದಲನೆಯವನಾದ ಆಟಗಾರನನ್ನು ಒಬ್ಬ ಸ್ತ್ರೀಯು ಪಂದ್ಯದಲ್ಲಿ ಸೋಲಿಸಿದ್ದು ಅದೇ ಮೊದಲು.

ಈ ಗೆಲುವು ಬಲೆಯೊಡ್ಡಿ ಪಡೆದದ್ದಲ್ಲ. ಚದುರಂಗದಲ್ಲಿ ಎಂಟು ಹತ್ತು ನಡೆಗಳೊಳಗೆ ಎದುರಾಳಿಯನ್ನು ಕೆಡವುವ ಮೋಸದ ಆರಂಭಗಳೂ ಉಂಟು. ಅಂಥದರಿಂದ ಗೆದ್ದಿದ್ದರೆ, ದೊಡ್ಡವನು ಒಂದು ದಿನ ಎಡವಿದನೆಂದು ಹೇಳಿ ಮುಗಿಸಬಹುದಾಗಿತ್ತು. ಜಗಜ್ಜೇತನೇ ಒಡೆಯಲಾರದೆ ಹೋದ ಗೋಡೆಯನ್ನು ಈಕೆಯು ಹಗಲು ಬೆಳಕಿನಲ್ಲಿ ಒಂದೊಂದೇ ಕಲ್ಲು ಕಿತ್ತು ಒಡೆದಳು. ‘ಹುಡುಗಿಯರ ಮಟ್ಟಿಗೆ’ ಎಂಬ ಮಾತನ್ನು ಈ ಆಟದ ಯಾವ ನಡೆಯ ಪಕ್ಕದಲ್ಲಿ ಬರೆಯೋಣ?

ಆದರೂ ಎದುರುಪಕ್ಷಕ್ಕೆ ನ್ಯಾಯವನ್ನು ಸಲ್ಲಿಸಬೇಕು. ಅದು ಶೀಘ್ರಗತಿಯ ಆಟವಾಗಿತ್ತು. ಗಂಟೆಗಟ್ಟಲೆ ಯೋಚಿಸಿ ಆಡುವ ದೀರ್ಘದ ಆಟವಾಗಿರಲಿಲ್ಲ. ಅದಕ್ಕೆ ಮುಂಚೆ ಕಾಸ್ಪರೋವನು ಆಕೆಯನ್ನು ಹಲವು ಸಲ ಸೋಲಿಸಿದ್ದನು. ೨೦೦೫ರಲ್ಲಿ ಜಗಜ್ಜೇತನ ಪದವಿಗಾಗಿ ಎಂಟು ಮಂದಿ ಸೆಣಸಿದಾಗ ಅವರಲ್ಲಿ ಒಬ್ಬಳಾಗಿದ್ದರೂ, ಆಕೆಯು ಕೊನೆಯ ಸ್ಥಾನದಲ್ಲಿ ಉಳಿದಳು. ಇದನ್ನು ನಾವು ಮರೆಮಾಚುವುದಿಲ್ಲ. ಸ್ತ್ರೀಯರು ಪುರುಷರಿಗಿಂತ ಮೇಲೆಂದು ಸಾಧಿಸುವುದು ನಮ್ಮ ಉದ್ದೇಶವಲ್ಲ. ಎಂಟು ಮಂದಿಯಲ್ಲಿ ಎಂಟನೆಯವಳಾಗುವ ಹಕ್ಕು, ಸ್ತ್ರೀಯರಲ್ಲಿ ಮೊದಲನೆಯವಳೆಂಬ ಕಿರೀಟಕ್ಕಿಂತ ದೊಡ್ಡದೆಂದು ಮಾತ್ರ ನಮ್ಮ ಅಭಿಪ್ರಾಯ.

ಆಕೆಯ ತಂದೆ ಲಾಸ್ಲೋ ಪೋಲ್ಗಾರನ ಅಭಿಪ್ರಾಯವೂ ಇದೇ ಆಗಿತ್ತು. ಆತನೂ ಉಪಾಧ್ಯಾಯಿನಿಯಾಗಿದ್ದ ತಾಯಿ ಕ್ಲಾರಾಳೂ ತಮ್ಮ ಮೂವರು ಹೆಣ್ಣುಮಕ್ಕಳಿಗೆ ಬುಡಾಪೆಸ್ಟಿನ ಮನೆಯಲ್ಲಿಯೇ ಪಾಠ ಹೇಳಿ, ಎಳವೆಯಿಂದಲೇ ಚದುರಂಗವನ್ನು ಕಲಿಸಿದರು. ಮಕ್ಕಳನ್ನು ಶಾಲೆಗೆ ಕಳುಹಿಸದ ವಿಷಯದಲ್ಲಿ ಶಾಲೆಯವರಾದ ನಾವು ಆತನನ್ನು ಹೊಗಳಲಾರೆವು! ಆದರೆ ಹೆಣ್ಣುಮಕ್ಕಳು ಹೆಣ್ಣುಮಕ್ಕಳೊಡನೆ ಮಾತ್ರ ಆಡಬೇಕೆಂಬ ಕಟ್ಟಳೆಗೆ ಆತನು ಒಪ್ಪದೆ ಹೋದದ್ದನ್ನು ಹೊಗಳಲೇಬೇಕು. ೧೯೮೮ರಲ್ಲಿ ಮೂವರು ಸಹೋದರಿಯರೂ ಇಲ್ಡಿಕೋ ಮಾಡ್ಲ್ ಎಂಬಾಕೆಯೂ ಸೇರಿ ಗ್ರೀಸ್ ದೇಶದಲ್ಲಿ ಸ್ತ್ರೀಯರ ಒಲಿಂಪಿಯಾಡನ್ನು ಸೋವಿಯೆತ್ ಪಂಗಡದ ಕೈಯಿಂದ ಕಸಿದುಕೊಂಡರು; ಹನ್ನೆರಡು ವಯಸ್ಸಿನ ಯುಡಿಟಳು ಹದಿಮೂರು ಆಟಗಳಲ್ಲಿ ಹನ್ನೆರಡೂವರೆ ಅಂಕಗಳನ್ನು ಪಡೆದಳು. ಅಷ್ಟಕ್ಕೇ ತೃಪ್ತಳಾಗಿದ್ದರೆ ಸ್ತ್ರೀಯರ ಪದವಿಗಳೆಲ್ಲ ಆಕೆಯ ಮಡಿಲಿಗೆ ಬಂದು ಬೀಳುತ್ತಿದ್ದುವು. ಆಕೆಯು ಅವುಗಳ ಕಡೆಗೆ ತಿರುಗಿ ನೋಡದೆ, ೧೯೯೧ರಲ್ಲಿ ಪುರುಷರೂ ಆಡುತ್ತಿದ್ದ ಹಂಗೆರಿಯ ರಾಷ್ಟ್ರೀಯ ಪಂದ್ಯವನ್ನೇ ಗೆದ್ದು, ಹದಿನೈದು ವರ್ಷ ನಾಲ್ಕು ತಿಂಗಳಿಗೆ ಗ್ರ್ಯಾಂಡ್‌ಮಾಸ್ಟರ್ ಎನಿಸಿದಳು. ಅದಕ್ಕೂ ಎಳೆಯ ವಯಸ್ಸಿನಲ್ಲಿ ಆ ಪದವಿಯನ್ನು ಪಡೆದವರು ಆಗ ಗಂಡಸರಲ್ಲಿಯೂ ಇರಲಿಲ್ಲ.

ಬೇರೆ ಅಳತೆಯಿಂದಾಗುವ ಅನ್ಯಾಯಕ್ಕೆ ಆಕೆಯ ಅಕ್ಕನೇ ನಿದರ್ಶನ. ೧೯೮೬ರಲ್ಲಿ ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯು ಸ್ತ್ರೀ ಆಟಗಾರರೆಲ್ಲರ ಗಣನೆಗೆ ನೂರು ಅಂಕಗಳನ್ನು ಕೂಡಿಸಿತು. ಹಿರಿಯಳಾದ ಸುಸಾನ್ ಪೋಲ್ಗಾರ್ ಒಬ್ಬಳಿಗೆ ಮಾತ್ರ ಕೂಡಿಸಲಿಲ್ಲ. ಸ್ತ್ರೀಯರು ತಮ್ಮತಮ್ಮೊಳಗೇ ಆಡುವುದರಿಂದ ಅವರ ಅಂಕಗಳು ತಗ್ಗಿವೆ, ಈಕೆಯಾದರೋ ಪುರುಷರೊಡನೆ ಆಡಿ ಸಂಪಾದಿಸಿದವಳು ಎಂಬುದು ಕಾರಣ. ಲೆಕ್ಕದ ದೃಷ್ಟಿಯಿಂದ ಅದರಲ್ಲಿ ಏನೋ ಹುರುಳಿರಬಹುದು. ಫಲವೇನಾಯಿತೆಂದರೆ, ಕಠಿನವಾದ ಮಣೆಯಲ್ಲಿ ಆಡಿದವಳು ಮರುವರ್ಷದ ಮೊದಲ ಪಟ್ಟಿಯಲ್ಲಿ ಮೊದಲನೆಯ ಸ್ಥಾನದಿಂದ ಕೆಳಗಿಳಿದಳು.

ಇಲ್ಲಿ ಜಾಣರಾದ ಪಾಲಕರೊಬ್ಬರು ನಮ್ಮನ್ನು ಹಿಡಿದು ಕೇಳಿದ್ದುಂಟು: “ಅಮ್ಮಾ, ನಿಮ್ಮದೇ ಹೆಣ್ಣುಮಕ್ಕಳ ಶಾಲೆ. ಬೇರೆ ಪಂದ್ಯ ಬೇಡವಾದರೆ ಬೇರೆ ಶಾಲೆ ಯಾಕೆ?” ಪ್ರಶ್ನೆಯು ಚೂಪಾದದ್ದು, ಹಲವು ದಿನ ನಮ್ಮನ್ನು ಕಾಡಿತು. ನಮ್ಮ ಉತ್ತರವಿಷ್ಟು. ಕಲಿಯುವ ಸ್ಥಳವು ಬೇರೆಯಿರಬಹುದು. ಗಂಡುಮಕ್ಕಳ ಮುಂದೆ ಬಾಯಿಬಿಡಲು ಅಂಜುವ ಹುಡುಗಿಯು ಇಲ್ಲಿ ಎದ್ದುನಿಂತು ಪ್ರಶ್ನೆ ಕೇಳುತ್ತಾಳೆ. ಗಣಿತದಲ್ಲಿ ತಪ್ಪಿದರೆ ಹುಡುಗಿಯಾದ್ದರಿಂದ ತಪ್ಪಿದಳೆಂದು ಯಾರೂ ಹೇಳುವುದಿಲ್ಲ. ಆದರೆ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತಾಗ ಆಕೆಗೆ ಬೇರೆ ಪ್ರಶ್ನಪತ್ರಿಕೆ ಬರುವುದಿಲ್ಲ. ಬಂದರೆ ಮೊದಲು ಪ್ರತಿಭಟಿಸುವವರು ಈ ಶಾಲೆಯವರೇ. ಬೇರೆ ಕೋಣೆಯಲ್ಲಿ ಕಲಿಸಿ, ಒಂದೇ ಪತ್ರಿಕೆಯಲ್ಲಿ ಅಳೆಯಿಸಿ, ಇಷ್ಟು ವರ್ಷಗಳಿಂದ ನಾವು ಮಾಡಿಕೊಂಡು ಬಂದದ್ದು ಅದನ್ನೇ. ಮಣೆಯ ಮುಂದೆ ಮಾತ್ರ ಬೇರೆ ನ್ಯಾಯವೇಕೆ?

ಸ್ತ್ರೀಯರ ಪಂದ್ಯಗಳಿಗೆ ನಾವು ವೈರಿಗಳೂ ಅಲ್ಲ. ಯುಡಿಟಳ ಮೇಲ್ಕಂಡ ದಾಖಲೆಯನ್ನು ೨೦೦೨ರಲ್ಲಿ ಮೂರು ತಿಂಗಳಿನ ಅಂತರದಿಂದ ಮುರಿದ ಸ್ತ್ರೀಯು ನಮ್ಮ ನೆರೆಯ ಆಂಧ್ರದ ಕೊನೇರು ಹಂಪಿ. ೨೦೧೯ರಲ್ಲಿಯೂ ೨೦೨೪ರಲ್ಲಿಯೂ ಶೀಘ್ರಗತಿಯ ಆಟದಲ್ಲಿ ಸ್ತ್ರೀಯರ ಜಗತ್ಪದವಿಯು ಆಕೆಗೇ ದೊರೆಯಿತು. ನಾಗಪುರದ ದಿವ್ಯಾ ದೇಶಮುಖಳು ಗ್ರ್ಯಾಂಡ್‌ಮಾಸ್ಟರ್ ಆದದ್ದು ೨೦೨೫ರ ಜುಲೈ ತಿಂಗಳಲ್ಲಿ ಸ್ತ್ರೀಯರ ವಿಶ್ವಕಪ್ಪನ್ನು ಗೆದ್ದು. ಪ್ರತ್ಯೇಕ ಪಂದ್ಯಗಳು ಹೆಣ್ಣುಮಕ್ಕಳಿಗೆ ಧೈರ್ಯವನ್ನೂ ಜೀವನೋಪಾಯವನ್ನೂ ಕೊಟ್ಟಿವೆಯೆಂಬುದು ಸತ್ಯ. ಆದರೆ ಆ ದಿನಕ್ಕೆ ಭಾರತದ ಗ್ರ್ಯಾಂಡ್‌ಮಾಸ್ಟರರು ಎಂಬತ್ತೆಂಟು ಮಂದಿ. ಅವರಲ್ಲಿ ಸ್ತ್ರೀಯರು ನಾಲ್ವರು. ಇದು ಬುದ್ಧಿಯ ಲೆಕ್ಕವೆಂದು ನಾವು ನಂಬುವುದಿಲ್ಲ. ಗಂಡುಮಗುವನ್ನು ರಾತ್ರಿಯ ರೈಲಿನಲ್ಲಿ ದೂರದ ಪಂದ್ಯಕ್ಕೆ ಕಳುಹಿಸುವ ತಂದೆಯು ಹೆಣ್ಣುಮಗುವಿಗೆ “ನಿನಗೆ ಇಷ್ಟು ಸಾಕು” ಎನ್ನುತ್ತಾನೆ. ಆ ‘ಸಾಕು’ ಎಂಬುದೂ ‘ಹುಡುಗಿಯರ ಮಟ್ಟಿಗೆ’ ಎಂಬುದೂ ಒಂದೇ ತಾಯಿಯ ಮಕ್ಕಳು.

ಇನ್ನೊಂದು ಸಂಗತಿಯನ್ನು ಪೂರ್ವ ವಿದ್ಯಾರ್ಥಿನಿಯರಿಗಾಗಿ ಹೇಳಬೇಕು. ೧೯೯೪ರಲ್ಲಿ ಸ್ಪೇನಿನ ಲಿನಾರೆಸ್ ಎಂಬಲ್ಲಿ ಹದಿನೇಳರ ಯುಡಿಟಳು ಇದೇ ಕಾಸ್ಪರೋವನೊಡನೆ ಆಡುವಾಗ, ಆತನು ಕುದುರೆಯನ್ನು ಒಂದು ಮನೆಯಲ್ಲಿಟ್ಟು ಬೆರಳು ಬಿಟ್ಟು, ಮತ್ತೆ ಅದನ್ನೆತ್ತಿ ಬೇರೆ ಮನೆಯಲ್ಲಿಟ್ಟನು. ತನ್ನ ಕೈಯು ಬಿಟ್ಟದ್ದು ತನಗೆ ತಿಳಿಯಲಿಲ್ಲವೆಂದು ಆತನ ಹೇಳಿಕೆ. ಚಲಚ್ಚಿತ್ರದಲ್ಲಿ ಮಾತ್ರ ಕಾಲು ಸೆಕೆಂಡಿನಷ್ಟು ಹೊತ್ತು ಬೆರಳು ಬಿಟ್ಟದ್ದು ಕಂಡುಬಂದಿತು. ಹುಡುಗಿಯು ಆ ಹೊತ್ತಿನಲ್ಲಿ ದೂರು ಹೇಳದೆ ಸುಮ್ಮನಿದ್ದು ಆಟವನ್ನು ಸೋತಳು. ಅಷ್ಟು ದೊಡ್ಡ ಆಟಗಾರ್ತಿಗೂ ಆ ವಯಸ್ಸಿನಲ್ಲಿ ನಾಲಗೆ ಏಳಲಿಲ್ಲವೆಂದ ಮೇಲೆ, ಸ್ಟೀಲಿನ ಡಬ್ಬಿಯನ್ನು ಹಿಡಿದು ನಕ್ಕ ನಮ್ಮ ಹುಡುಗಿಯನ್ನು ನಾವು ಹೇಗೆ ದೂರೋಣ? ಅಂದು ಆಕೆಯ ಪರವಾಗಿ ಮಾತನಾಡಬೇಕಾಗಿದ್ದವರು ಪಕ್ಕದಲ್ಲಿಯೇ ನಿಂತಿದ್ದ ನಾವು. ಒಂದು ಸಲ ವಿಚಾರಿಸಿ, ಸಂಕೋಚದಿಂದ ಹಿಂದಕ್ಕೆ ಬಂದುಬಿಟ್ಟೆವು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಕಾಸ್ಪರೋವನೂ ತನ್ನ ಮಾತನ್ನು ಮುಂದೆ ತಿದ್ದಿಕೊಂಡನು. ೨೦೦೭ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ, ಸ್ತ್ರೀಯರಿಗೆ ಈ ಆಟದಲ್ಲಿ ಹುಟ್ಟಿನಿಂದ ಬಂದ ಮಿತಿಯಿಲ್ಲವೆಂದು ಪೋಲ್ಗಾರ್ ಸಹೋದರಿಯರು ತೋರಿಸಿಕೊಟ್ಟರೆಂದು ಬರೆದಿದ್ದಾನೆ. ಸೋತವನೇ ಒಪ್ಪಿದ ಮೇಲೆ ನೆರೆಯೂರಿನವರು ಒಪ್ಪುವುದಕ್ಕೆ ಎಷ್ಟು ಕಾಲ ಬೇಕು?

ಬರುವ ಮಳೆಗಾಲ ಕಳೆದೊಡನೆ ಮತ್ತೆ ಪಂದ್ಯದ ಅರ್ಜಿಗಳು ಬರುತ್ತವೆ. ಅದರಲ್ಲಿ ‘ಬಾಲಕಿಯರು’ ಎಂಬ ಅಂಕಣವೂ ‘ಎಲ್ಲರಿಗೂ’ ಎಂಬ ಅಂಕಣವೂ ಇರುತ್ತದೆ. ಪಾಲಕರು ಎರಡನೆಯದರಲ್ಲಿ ರುಜು ಹಾಕಬೇಕೆಂದು ಬಿನ್ನಹ. ಸೋತು ಬಂದರೆ ಬೈಯಬಾರದು. ಬಲವಾದವರ ಕೈಯಲ್ಲಿ ಸೋತ ಆಟವನ್ನು ನಾವು ಮರುದಿನ ಕರಿಹಲಗೆಯ ಮೇಲೆ ಬರೆದು ಒಟ್ಟಾಗಿ ನೋಡುತ್ತೇವೆ. ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ಒಂದು ಬೇಡಿಕೆಯುಂಟು. ಶಾಲೆಯಲ್ಲಿ ಈಗ ಆರು ಮಣೆಗಳಿವೆ, ಆಡಬೇಕೆನ್ನುವವರು ನಲವತ್ತಕ್ಕೆ ಮೇಲ್ಪಟ್ಟಿದ್ದಾರೆ. ಎರಡು ಮಣೆಗಳಲ್ಲಿ ಕಾಯಿಗಳು ಕಳೆದುಹೋಗಿ, ಒಂದರಲ್ಲಿ ಕರಿಯ ಒಂಟೆಗೆ ಬದಲಾಗಿ ಹೊಲಿಗೆ ತರಗತಿಯಿಂದ ತಂದ ನೂಲಿನ ಉರುಳೆಯನ್ನು ನಿಲ್ಲಿಸಿಕೊಂಡು ಆಡುತ್ತಾರೆ. ಸಮಯ ತೋರಿಸುವ ಆಟದ ಗಡಿಯಾರವು ಒಂದೂ ಇಲ್ಲ. ಕಳುಹಿಸಬಯಸುವವರು ಮುಖ್ಯೋಪಾಧ್ಯಾಯಿನಿಯವರ ಹೆಸರಿಗೆ ಕಳುಹಿಸಬಹುದು.